ಗೋಡೆಯ ಮೇಲಿನ ಗಿಟಾರು

ಕುಟುಂಬಗಳನ್ನು ಸಂದರ್ಶಿಸಿ ಮನೆಗಳನ್ನು ಆಶೀರ್ವದಿಸಲು ಹೋದಾಗ ಧರ್ಮಗುರುವಿನ ಕಣ್ಣಿಗೆ ಹಲವು ಸಂಗತಿಗಳು ಬೀಳುತ್ತವೆ. ಬಳ್ಳಾರಿ ನಗರದ ಒಂದು ಮನೆಯಲ್ಲಿ ಈಚೆಗೆ ನಾನು ಕಂಡದ್ದು ಗೋಡೆಯ ಮೊಳೆಗೆ ತೂಗುಹಾಕಿದ ಒಂದು ಗಿಟಾರನ್ನು. ಅದರ ಆರು ತಂತಿಗಳಲ್ಲಿ ಎರಡು ತುಂಡಾಗಿದ್ದವು. ಉಳಿದ ನಾಲ್ಕಕ್ಕೆ ತುಕ್ಕು ಹಿಡಿದಿತ್ತು. ಅದೇ ವಾರ ಕುರುಗೋಡಿನಲ್ಲಿ ಇನ್ನೊಂದು ದೃಶ್ಯವನ್ನು ಕಂಡೆ. ಬಾಲಕನೊಬ್ಬನು ಉದ್ದನೆಯ ರಟ್ಟಿನ ತುಂಡಿನ ಮೇಲೆ ಆರು ಗೆರೆಗಳನ್ನೆಳೆದುಕೊಂಡು, ಮೊಬೈಲಿನಲ್ಲಿ ನೋಡಿದ ಬೆರಳಿನ ಸ್ಥಾನಗಳನ್ನು ಅದರ ಮೇಲೆ ಒತ್ತಿ ಒತ್ತಿ ಕಲಿಯುತ್ತಿದ್ದನು. ಒಂದೆಡೆ ವಾದ್ಯವಿದೆ, ನುಡಿಸುವವರಿಲ್ಲ. ಇನ್ನೊಂದೆಡೆ ನುಡಿಸುವ ಹಂಬಲವಿದೆ, ವಾದ್ಯವಿಲ್ಲ. ಎರಡರ ನಡುವೆ ಇರುವುದು ಬಸ್ಸಿನಲ್ಲಿ ಒಂದು ತಾಸಿನ ದಾರಿ ಮಾತ್ರ.

ಈ ಎರಡು ದೃಶ್ಯಗಳು ನನ್ನನ್ನು ಬಹುದಿನ ಕಾಡಿದವು. ಸಂಗೀತವನ್ನು ಪ್ರೀತಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಅವರೆಲ್ಲರೂ ಒಬ್ಬೊಬ್ಬರಾಗಿ, ಮುಚ್ಚಿದ ಕೋಣೆಗಳಲ್ಲಿ ಕುಳಿತು ಪ್ರೀತಿಸುತ್ತಿದ್ದಾರೆ. ಗಿಟಾರು ಕಲಿಯುವುದು ಹೇಗೆ ಎಂಬ ಪ್ರಶ್ನೆಗಿಂತ, ಯಾರೊಡನೆ ಕಲಿಯುವುದು ಎಂಬ ಪ್ರಶ್ನೆಯೇ ಇಂದು ಹೆಚ್ಚು ಮುಖ್ಯವೆಂದು ನನಗನ್ನಿಸುತ್ತದೆ.

ಹವ್ಯಾಸಿಗಳ ನಾಡು

ಗಿಟಾರು ಪರದೇಶದ ವಾದ್ಯವೆಂಬುದು ನಿಜ. ಅದಕ್ಕೆ ಇಂದಿನ ಆಕಾರವನ್ನು ಕೊಟ್ಟವರಲ್ಲಿ ಪ್ರಮುಖನು ಸ್ಪೇನ್ ದೇಶದ ಅಂತೋನಿಯೊ ದೆ ತೊರ್ರೆಸ್ (1817–1892) ಎಂಬ ಕುಶಲಕರ್ಮಿ. ಆದರೆ ನಾದದ ಮೋಹ ನಮ್ಮ ನೆಲಕ್ಕೆ ಹೊಸದಲ್ಲ. ಬಳ್ಳಾರಿಯ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ಬಡಿದರೆ ಗಂಟೆಯಂತೆ ಮೊಳಗುವ ಕಪ್ಪು ಬಂಡೆಗಳಿವೆ. ಫ್ರೆಡ್ ಫಾಸೆಟ್ ಎಂಬ ಆಂಗ್ಲ ಅಧಿಕಾರಿ 1892ರಲ್ಲಿಯೇ ಅಲ್ಲಿನ ಬಂಡೆಚಿತ್ರಗಳ ಬಗೆಗೆ ಬರೆದಿದ್ದನು. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ವಿದುಷಿ ಆ ಬಂಡೆಗಳ ನಾದವನ್ನೂ, ಬಡಿದು ಬಡಿದು ಅವುಗಳಲ್ಲಿ ಉಂಟಾದ ಕುಳಿಗಳನ್ನೂ ವಿದ್ವತ್ ಪತ್ರಿಕೆಯೊಂದರಲ್ಲಿ ವಿವರಿಸಿದರು. ನವಶಿಲಾಯುಗದ ನಮ್ಮ ಪೂರ್ವಿಕರು ಸಹ, ಹೊಟ್ಟೆಯ ಪಾಡಿನ ನಡುವೆ ಬಿಡುವು ಮಾಡಿಕೊಂಡು, ಕಲ್ಲಿನಿಂದ ನಾದ ಹೊರಡಿಸಲು ಬೆಟ್ಟ ಹತ್ತುತ್ತಿದ್ದಿರಬೇಕು!

ಹೊಟ್ಟೆಪಾಡಿಗೊಂದು ವೃತ್ತಿ, ಹೃದಯಕ್ಕೊಂದು ಕಲೆ ಎಂಬುದು ಬಳ್ಳಾರಿಯ ಹಳೆಯ ಪದ್ಧತಿ. ನಾಟಕರಂಗದಲ್ಲಿ ಹೆಸರಾದ ಬಳ್ಳಾರಿ ರಾಘವ (1880–1946) ವೃತ್ತಿಯಿಂದ ವಕೀಲರು. ಇಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿದ ಧರ್ಮವರಂ ರಾಮಕೃಷ್ಣಮಾಚಾರ್ಯರೂ, ಸುಮನೋರಮಾ ಸಭೆಯನ್ನು ನಡೆಸಿದ ಕೋಲಾಚಲಂ ಶ್ರೀನಿವಾಸರಾಯರೂ ವಕೀಲಿ ಮಾಡುತ್ತಿದ್ದವರೇ. ಹಗಲು ನ್ಯಾಯಾಲಯ, ಸಂಜೆ ನಾಟಕದ ತಾಲೀಮು. ಅವರು ಒಬ್ಬೊಬ್ಬರೇ ಕನ್ನಡಿಯ ಮುಂದೆ ನಿಂತು ಅಭಿನಯಿಸಲಿಲ್ಲ, ‘ಸಭೆ’ಗಳನ್ನು ಕಟ್ಟಿಕೊಂಡರು. ಹವ್ಯಾಸಿಯನ್ನು ‘ಅಮೆಚೂರ್’ ಎಂದು ಕರೆಯುವುದುಂಟಷ್ಟೆ. ಆ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿ ‘ಪ್ರೀತಿಸು’ ಎಂಬ ಅರ್ಥದ ‘ಅಮಾರೆ’. ಹವ್ಯಾಸಿ ಎಂದರೆ ಅರೆಬರೆ ಕಲಿತವನಲ್ಲ, ಪ್ರೀತಿಗಾಗಿ ಕಲಿಯುವವನು.

ಬೆರಳ ನೋವು, ಕಿವಿಯ ಪಾಠ

ಗಿಟಾರನ್ನು ಕೈಗೆತ್ತಿಕೊಂಡವರ ಮೊದಲ ಅನುಭವ ನೋವು. ಎಡಗೈಯ ಬೆರಳ ತುದಿಗಳು ತಂತಿಯ ಒತ್ತಡಕ್ಕೆ ಕೆಂಪಾಗುತ್ತವೆ. ಕೆಲವು ವಾರಗಳಲ್ಲಿ ಅಲ್ಲಿ ಚರ್ಮ ಗಟ್ಟಿಯಾಗಿ ನೋವು ತಾನಾಗಿ ಅಡಗುತ್ತದೆ. ಆದರೆ ಬಹಳಷ್ಟು ಮಕ್ಕಳು ಆ ಕೆಲವು ವಾರಗಳನ್ನು ದಾಟುವುದಿಲ್ಲ. ಎರಡನೆಯ ಅಡಚಣೆ ಕಾರ್ಡುಗಳದು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಮಿಡಿಯುವ ಸ್ವರಮೇಳಗಳದು. ಜಿ, ಸಿ ಮತ್ತು ಡಿ ಎಂಬ ಮೂರು ಕಾರ್ಡುಗಳು ವಶವಾದರೆ ನಮ್ಮ ಅನೇಕ ಸರಳ ಭಕ್ತಿಗೀತೆಗಳಿಗೆ ಜೊತೆ ನೀಡಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ತಾಳ ತಪ್ಪದಂತೆ ಬೆರಳು ಜರುಗಿಸುವುದಕ್ಕೆ ತಿಂಗಳುಗಳೇ ಬೇಕಾಗುತ್ತವೆ. ವಾರಕ್ಕೊಮ್ಮೆ ಎರಡು ತಾಸು ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಕೂರುವುದು ಮೇಲು. ಹಾಡುತ್ತ ಹಾಡುತ್ತ ರಾಗ ಎಂಬ ನಮ್ಮ ಹಿರಿಯರ ಗಾದೆ ಗಿಟಾರಿಗೂ ಸಲ್ಲುತ್ತದೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ವಿಚಾರ ನನ್ನ ಮನಸ್ಸಿನಲ್ಲಿ ನಿಂತಿತು. ಲೈರ್ ಎಂಬ ತಂತಿವಾದ್ಯವನ್ನು ನುಡಿಸಿ ನುಡಿಸಿಯೇ ವಾದಕನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡಿ ಮಾಡಿಯೇ ಮನುಷ್ಯನು ನ್ಯಾಯವಂತನಾಗುತ್ತಾನೆಂದು ಅವನ ಮತ. ಆದರೆ ಅಷ್ಟಕ್ಕೇ ಅವನು ನಿಲ್ಲುವುದಿಲ್ಲ. ಕೆಟ್ಟ ವಾದಕನು ಹುಟ್ಟುವುದೂ ಅದೇ ನುಡಿಸುವಿಕೆಯಿಂದಲೇ. ಆದ್ದರಿಂದಲೇ ಕಲಿಸುವವರ ಅಗತ್ಯವಿದೆ ಎಂದು ಸೇರಿಸುತ್ತಾನೆ. ತಪ್ಪನ್ನು ತೋರಿಸುವ ಕಿವಿಯೊಂದು ಪಕ್ಕದಲ್ಲಿಲ್ಲದಿದ್ದರೆ ತಪ್ಪೇ ರೂಢಿಯಾಗುತ್ತದೆ. ಮೊಬೈಲಿನ ಪರದೆಯ ಮೇಲಿನ ಗುರು ಎಷ್ಟು ನಿಪುಣನಾದರೂ ಅವನು ನಮ್ಮನ್ನು ಕೇಳಿಸಿಕೊಳ್ಳಲಾರನು.

ಶ್ರುತಿ ಮಾಡುವ ಕ್ರಮವನ್ನೇ ನೋಡಿರಿ. ಆರು ತಂತಿಗಳ ಶ್ರುತಿ ದಪ್ಪನೆಯದರಿಂದ ತೆಳುವಿನವರೆಗೆ ಇ, ಎ, ಡಿ, ಜಿ, ಬಿ, ಇ. ಅತಿ ದಪ್ಪನೆಯ ಆರನೆಯ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿದರೆ ಬರುವ ಸ್ವರಕ್ಕೆ ಐದನೆಯ ತಂತಿಯನ್ನು ಸೇರಿಸಬೇಕು. ಹೀಗೆಯೇ ಮುಂದುವರಿಯಬೇಕು. ಆದರೆ ಒಂದೇ ಒಂದು ಕಡೆ ನಿಯಮ ಬದಲಾಗುತ್ತದೆ. ಎರಡನೆಯ ತಂತಿಯನ್ನು ಸೇರಿಸುವಾಗ ಮೂರನೆಯ ತಂತಿಯನ್ನು ಒತ್ತಬೇಕಾದದ್ದು ನಾಲ್ಕನೆಯ ಮೆಟ್ಟಿನಲ್ಲಿ. ಅಲ್ಲಿಯೂ ಐದನೆಯದನ್ನೇ ಒತ್ತಿದರೆ ಎರಡನೆಯ ತಂತಿ ಅರ್ಧ ಸ್ವರ ಮೇಲೇರಿ, ಬಾರಿಸಿದ ಪ್ರತಿ ಕಾರ್ಡೂ ಕರ್ಕಶವಾಗುತ್ತದೆ. ಹೊಸಬರೆಲ್ಲ ಎಡವುವ ಜಾಗವಿದು. ನನ್ನ ತಪ್ಪಿನ ಕಥೆ ಆರಂಭವಾಗುವುದೂ ಇಲ್ಲಿಯೇ.

ನಾನು ಆಡಿದ ಮಾತು

ಹಲವು ವರ್ಷಗಳ ಹಿಂದೆ ಕ್ರಿಸ್ತಜಯಂತಿಯ ಗಾಯನದ ತಾಲೀಮಿಗೆ ಒಬ್ಬ ತರುಣನು ಹೊಸ ಗಿಟಾರನ್ನು ಹಿಡಿದು ಬಂದಿದ್ದನು. ಅವನು ಮಾಡಿಕೊಂಡಿದ್ದ ಶ್ರುತಿಯಲ್ಲಿ ಇದೇ ದೋಷವಿತ್ತು. ಪಕ್ಕಕ್ಕೆ ಕರೆದು ತಿದ್ದಿದ್ದರೆ ಎರಡು ನಿಮಿಷದ ಕೆಲಸ. ಆದರೆ ನಾನು ಇಡೀ ಗಾನವೃಂದದ ಮುಂದೆ, ಕಿವಿಯಿಲ್ಲದವರಿಗೆ ವಾದ್ಯವೇಕೆ ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನೂ ನಕ್ಕನು. ಮರುದಿನದಿಂದ ಅವನು ತಾಲೀಮಿಗೆ ಬರಲಿಲ್ಲ. ಬೇರೆ ಕೆಲಸವಿರಬಹುದೆಂದು ನಾನು ಭಾವಿಸಿದೆ. ಅನಂತರ ನನಗೆ ಬೇರೊಂದು ಧರ್ಮಕೇಂದ್ರಕ್ಕೆ ವರ್ಗವಾಯಿತು.

ಬಳ್ಳಾರಿಯ ಆ ಮನೆಯ ಗೋಡೆಯ ಮೇಲಿದ್ದದ್ದು ಅವನದೇ ಗಿಟಾರು. ಅವನೀಗ ಇಬ್ಬರು ಮಕ್ಕಳ ತಂದೆ. ‘ಅಂದಿನಿಂದ ಮುಟ್ಟಲಿಲ್ಲ ಫಾದರ್’ ಎಂದು ಅವನು ಯಾವ ಕಹಿಯೂ ಇಲ್ಲದೆ ಹೇಳಿದನು. ಕಹಿ ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ಅವನ ಕ್ಷಮೆ ಬೇಡಿದೆ. ಮಕ್ಕಳಿಗೆ ಕಲಿಸುವ ತಂದೆತಾಯಿಗಳೂ ಶಿಕ್ಷಕರೂ ಗುರುಗಳೂ ಇದನ್ನು ಗಮನಿಸಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ. ತಂತಿಯ ಅಪಶ್ರುತಿಯನ್ನು ಕಿವಿಯಿಂದ ತಿದ್ದಬಹುದು. ಮಾತಿನ ಅಪಶ್ರುತಿ ಗೋಡೆಯ ಮೇಲೆ ವರ್ಷಗಟ್ಟಲೆ ನೇತಾಡುತ್ತದೆ.

ಇಬ್ಬರು ಗೆಳೆಯರು, ಒಂದು ಗಿಟಾರು

ಗಿಟಾರಿನ ಇತಿಹಾಸದಲ್ಲಿ ಕ್ರೈಸ್ತರಾದ ನಮಗೆ ಅತ್ಯಂತ ಪ್ರಿಯವಾಗಬೇಕಾದ ರಾತ್ರಿಯೊಂದಿದೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಎಂಬ ಊರಿನ ಸಂತ ನಿಕೋಲಸರ ದೇವಾಲಯದಲ್ಲಿ ಇಬ್ಬರು ಗೆಳೆಯರು ಒಂದು ಹೊಸ ಹಾಡನ್ನು ಹಾಡಿದರು. ಒಬ್ಬರು ಸಹಾಯಕ ಗುರು ಜೋಸೆಫ್ ಮೋರ್. ಮತ್ತೊಬ್ಬರು ನೆರೆಯೂರಿನ ಶಾಲಾ ಶಿಕ್ಷಕ ಫ್ರಾನ್ಸ್ ಕ್ಸಾವೆರ್ ಗ್ರೂಬರ್. ಮೋರ್ ಅವರು 1816ರಲ್ಲಿ ಬರೆದಿಟ್ಟಿದ್ದ ಪದಗಳಿಗೆ ಗ್ರೂಬರ್ ಸ್ವರ ಸಂಯೋಜಿಸಿದ್ದರು. ಜೊತೆಗಿದ್ದದ್ದು ಮೋರ್ ನುಡಿಸಿದ ಗಿಟಾರು ಮಾತ್ರ. ‘ಸೈಲೆಂಟ್ ನೈಟ್’ ಎಂದು ಇಂದು ಜಗತ್ತೆಲ್ಲ ಬಲ್ಲ ಗೀತೆ ಅದೇ. ಇಲಿಗಳು ಆರ್ಗನ್ನನ್ನು ಕಡಿದು ಹಾಕಿದ್ದರಿಂದ ಗಿಟಾರು ಬಂತೆಂಬುದು ಅನಂತರ ಹುಟ್ಟಿದ ಕಥೆ. ನಮಗೆ ಮುಖ್ಯವಾದದ್ದು ಇಷ್ಟು: ಒಬ್ಬರಲ್ಲಿ ಪದಗಳಿದ್ದವು, ಇನ್ನೊಬ್ಬರಲ್ಲಿ ಸ್ವರಗಳಿದ್ದವು. ಅವರು ಪರಸ್ಪರ ಬೇಡಿಕೊಳ್ಳದಿದ್ದರೆ ಎರಡು ವರ್ಷ ಹಳತಾದ ಆ ಕಾಗದ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು.

ದೇವಾಲಯದಲ್ಲಿ ಗಿಟಾರು ಸರಿಯೇ ಎಂದು ಕೇಳುವ ಹಿರಿಯರು ಇಂದಿಗೂ ಇದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ಶಾಸನವು ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಕೊಟ್ಟು, ಪವಿತ್ರ ಕಾರ್ಯಕ್ಕೆ ಒಪ್ಪುವ ಇತರ ವಾದ್ಯಗಳನ್ನು ಅಧಿಕಾರವುಳ್ಳವರ ಸಮ್ಮತಿಯಿಂದ ಬಳಸಬಹುದೆಂದು ಹೇಳಿದೆ. ಆಯಾ ಜನಾಂಗದ ಸ್ವಂತ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಸಲ್ಲಬೇಕೆಂದೂ ಅದರ ಆಶಯ. ಆದುದರಿಂದ ಗಿಟಾರಿನ ಹುಡುಗರು ಹಾರ್ಮೋನಿಯಂ ಹಿರಿಯರನ್ನು ಪಕ್ಕಕ್ಕೆ ಸರಿಸಬಾರದು; ಹಿರಿಯರು ಹುಡುಗರನ್ನು ಹೊರಗಟ್ಟಬಾರದು. ಹಾರ್ಮೋನಿಯಮ್ಮಿನ ಒಂದು ಮನೆಗೆ ಆರು ತಂತಿಗಳನ್ನೂ ಹೊಂದಿಸಿಕೊಂಡರೆ ಇಬ್ಬರಿಗೂ ಜಾಗವುಂಟು.

ತಿಂಗಳಿಗೊಂದು ಭಾನುವಾರ

ಕೂಡಿ ಹಾಡುವ ಮಾದರಿಯನ್ನು ನಾವು ದೂರದಿಂದ ತರಬೇಕಾಗಿಲ್ಲ. ನಮ್ಮ ಸೀಮೆಯ ಹಳ್ಳಿಗಳ ಭಜನಾ ಮಂಡಳಿಗಳನ್ನು ನೋಡಿರಿ. ಅಲ್ಲಿ ಪ್ರವೇಶಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಬಲ್ಲವನು ಹಾರ್ಮೋನಿಯಂ ಹಿಡಿಯುತ್ತಾನೆ. ಏನೂ ಬಾರದವನಿಗೆ ತಾಳ ಕೊಡುತ್ತಾರೆ. ತಾಳ ಹಿಡಿದು ಕುಳಿತವನು ಎರಡು ವರ್ಷದಲ್ಲಿ ಹಾಡುಗಾರನಾಗಿರುತ್ತಾನೆ. ಇನ್ನು ಮಂಗಳೂರಿನಲ್ಲಿ ಎರಿಕ್ ಒಝೇರಿಯೊ ಅವರ ಮುಂದಾಳುತನದಲ್ಲಿ 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ ಕೊಂಕಣಿ ಹಾಡಿಗೆ ಹೊಸ ಜೀವ ತುಂಬಿತು. 2008ರ ಜನವರಿಯಲ್ಲಿ ಅದರ ಆಶ್ರಯದಲ್ಲಿ ಗಾಯಕರು ಸರದಿಯಂತೆ 40 ತಾಸು ನಿರಂತರವಾಗಿ ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆಗಿಂತಲೂ ನನಗೆ ದೊಡ್ಡದಾಗಿ ಕಾಣುವುದು 2002ರಲ್ಲಿ ಆ ಸಂಸ್ಥೆ ಆರಂಭಿಸಿದ ತಿಂಗಳ ವೇದಿಕೆ. ತಿಂಗಳಿಗೊಮ್ಮೆ ತಪ್ಪದೆ ಸೇರುವುದೇ ಅರ್ಧ ಸಾಧನೆ.

ನಮ್ಮಲ್ಲಿಯೂ ಹೀಗೊಂದು ಕೂಟವೇಕಾಗಬಾರದು? ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಒಮ್ಮೆ ಬಳ್ಳಾರಿಯಲ್ಲಿ, ಒಮ್ಮೆ ಸಿರುಗುಪ್ಪದಲ್ಲಿ, ಒಮ್ಮೆ ಕುರುಗೋಡಿನಲ್ಲಿ ಸೇರಬಹುದು. ಸಿರುಗುಪ್ಪದ ಕಡೆ ಭತ್ತದ ಕೊಯ್ಲಿನ ದಿನಗಳಲ್ಲಿ ಯಾರಿಗೂ ಬಿಡುವಿರದು. ಆ ತಿಂಗಳು ಬೇರೆ ಊರನ್ನು ಆರಿಸಿಕೊಳ್ಳೋಣ. ಬಂದವರಲ್ಲಿ ಪ್ರತಿಯೊಬ್ಬರೂ ತಾವು ಹೊಸದಾಗಿ ಕಲಿತದ್ದೊಂದನ್ನು ಇತರರಿಗೆ ತೋರಿಸಬೇಕು, ತಮಗೆ ಬಾರದ್ದೊಂದನ್ನು ಸಂಕೋಚವಿಲ್ಲದೆ ಕೇಳಬೇಕು. ಇದೊಂದೇ ನಿಯಮ ಸಾಕು. ಯಾವ ಮತದವರಾದರೇನು, ಸಂಗೀತಪ್ರೇಮಿಯಾದ ನೆರೆಯವನಿಗೂ ಚಾಪೆಯ ಮೇಲೆ ಜಾಗವಿರಲಿ.

ತಂದೆತಾಯಿಗಳಿಗೆ ಒಂದೆರಡು ವ್ಯಾವಹಾರಿಕ ಮಾತು. ಚಿಕ್ಕ ಮಕ್ಕಳಿಗೆ ಮುಕ್ಕಾಲು ಅಳತೆಯ ಗಿಟಾರು ಸಿಗುತ್ತದೆ. ನೈಲಾನ್ ತಂತಿ ಬೆರಳಿಗೆ ಮೃದು. ಆದರೆ ನೈಲಾನಿಗೆಂದು ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಹಾಕಬಾರದು. ಅದರ ಬಿಗಿತಕ್ಕೆ ಸೇತುವೆ ಕಿತ್ತು ಬರಬಹುದು. ನಮ್ಮ ಬೇಸಿಗೆಯ ಉರಿಯಲ್ಲಿ ವಾದ್ಯವನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟರೆ, ತಗಡಿನ ಚಾವಣಿಯ ಕೆಳಗೆ ತೂಗುಹಾಕಿದರೆ ಅಂಟು ಸಡಿಲಿ ಕುತ್ತಿಗೆ ಬಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ನುಡಿಸುವಾಗ ದಿನಕ್ಕೆ ಐದು ನಿಮಿಷ ಎದುರಿಗೆ ಕುಳಿತು ಕೇಳಿರಿ. ಪರೀಕ್ಷೆಯ ಅಂಕಗಳನ್ನು ಆಗ ನೆನಪಿಸಬೇಡಿರಿ.

ಕೊನೆಗೆ ಆ ಗೋಡೆಯ ಗಿಟಾರಿನ ವಿಷಯ. ಕುರುಗೋಡಿನ ಬಾಲಕನ ರಟ್ಟಿನ ಗಿಟಾರಿನ ಸಂಗತಿಯನ್ನು ನಾನು ಹೇಳಿದಾಗ ಆ ಮನೆಯ ಯಜಮಾನನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಮುಂದಿನ ವಾರ ತಾನೇ ಹೊಸ ತಂತಿಗಳನ್ನು ಹಾಕಿಸಿಕೊಂಡು ನನ್ನ ಬಳಿಗೆ ಬಂದನು. ‘ಹುಡುಗನಿಗೆ ಕೊಡಿ ಫಾದರ್, ಕಲಿಯಲಿ’ ಎಂದನು. ಒಂದು ಹಾಡು ನುಡಿಸೆಂದು ನಾನು ಕೇಳಿದೆ. ಅವನು ತಲೆಯಾಡಿಸಿ ಬೇಡವೆಂದನು. ಆದರೆ ಕೊಡುವ ಮುನ್ನ ಕಟ್ಟೆಯ ಮೇಲೆ ಕುಳಿತು, ಯಾವ ಯಂತ್ರದ ನೆರವೂ ಇಲ್ಲದೆ, ಒಂದೊಂದೇ ತಂತಿಯನ್ನು ಶ್ರುತಿ ಮಾಡಿದನು. ಮೂರನೆಯ ತಂತಿಗೆ ಬಂದಾಗ ಅವನ ಬೆರಳು ನಾಲ್ಕನೆಯ ಮೆಟ್ಟಿನ ಮೇಲಿತ್ತು.

ಶ್ರುತಿ ಸರಿಯಾಗಿತ್ತು. ಬಾಲಕನು ಅದರ ಮೇಲೆ ಜಿ ಕಾರ್ಡನ್ನು ಕಲಿತಿದ್ದಾನೆ; ಸಿ ಇನ್ನೂ ಒಲಿದಿಲ್ಲ. ಮೊದಲ ಕೂಟಕ್ಕೆ ಇಬ್ಬರನ್ನೂ ಕರೆದಿದ್ದೇನೆ. ನಿಮ್ಮ ಮನೆಯ ಗೋಡೆಯ ಮೇಲೆ ಇಂಥದೇನಾದರೂ ತೂಗುತ್ತಿದ್ದರೆ, ಧೂಳು ಒರೆಸಿ ತೆಗೆದುಕೊಂಡು ಬನ್ನಿರಿ.