ಹಿಡಿದ ಮೀನಿನ ಲೆಕ್ಕದಿಂದ ಉಳಿದ ಮೀನಿನ ಅಂದಾಜು ಹೇಗೆ?

ಪ್ರಶ್ನೆ: ನೀರಿನೊಳಗಿನ ಮೀನನ್ನು ಎಣಿಸಲಾಗದು ಎಂದಮೇಲೆ, ಬಲೆಗೆ ಬಿದ್ದ ಮೀನಿನ ತೂಕವನ್ನು ಬರೆದಿಡುವುದರಿಂದ ಏನು ಪ್ರಯೋಜನ? (ಮುದಗಲ್ಲಿನ ಓದುಗರು)

ಉತ್ತರ: ತೂಕವೊಂದನ್ನೇ ಬರೆದರೆ ಪ್ರಯೋಜನ ಅಲ್ಪ, ಅದರೊಡನೆ ಶ್ರಮವನ್ನೂ, ಅಂದರೆ ಎಷ್ಟು ದೋಣಿಗಳು, ಎಷ್ಟು ಬಲೆಗಳು, ಎಷ್ಟು ತಾಸು ನೀರಿನಲ್ಲಿದ್ದವು ಎಂಬುದನ್ನೂ ದಾಖಲಿಸಿದಾಗ ಮಾತ್ರ ಆ ಲೆಕ್ಕಕ್ಕೆ ಅರ್ಥ ಬರುತ್ತದೆ. ಹತ್ತು ಬಲೆಗಳಿಗೆ ನೂರು ಕಿಲೋ ಸಿಗುತ್ತಿದ್ದ ನೀರಿನಲ್ಲಿ ಅಷ್ಟನ್ನೇ ಪಡೆಯಲು ಇಪ್ಪತ್ತು ಬಲೆ ಬೇಕಾದರೆ, ಒಟ್ಟು ಇಳುವರಿ ಕುಗ್ಗದಿದ್ದರೂ ಪ್ರತಿ ಬಲೆಯ ಪಾಲು ಅರ್ಧಕ್ಕಿಳಿದಿರುತ್ತದೆ. ಇದು ಮೀನಿನ ಸಂಗ್ರಹ ಕುಸಿಯುತ್ತಿರುವುದರ ಮುನ್ಸೂಚನೆಯಾಗಿರಬಹುದು. ಬಲೆಯ ಕಣ್ಣು ಅಥವಾ ನೀರಿನ ಮಟ್ಟ ಬದಲಾದರೂ ಈ ಪಾಲು ಏರಿಳಿಯುವುದರಿಂದ ಅವುಗಳನ್ನೂ ಬರೆಯಲೇಬೇಕು. ಉದ್ದದ ಅಳತೆಯೂ ಅಷ್ಟೇ ಮುಖ್ಯ: ಬಲೆಗೆ ಬೀಳುವ ಮೀನು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದ್ದರೆ, ಮೊಟ್ಟೆಯಿಡುವ ಪ್ರಾಯಕ್ಕೆ ಬರುವ ಮುನ್ನವೇ ಅದು ಹಿಡಿಯಲ್ಪಡುತ್ತಿರುವ ಸಂಭವವಿದೆ.

ಕರ್ನಾಟಕದ ಕರಾವಳಿಯಲ್ಲಿ ಬೂತಾಯಿ, ಬಂಗುಡೆಗಳ ಲೆಕ್ಕವನ್ನು 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಇಡುತ್ತದೆ. ಎಲ್ಲ ದೋಣಿಗಳನ್ನೂ ನೋಡುವುದು ಅಸಾಧ್ಯವಾದ ಕಾರಣ, ಆಯ್ದ ಬಂದರುಗಳಲ್ಲಿ ಆಯ್ದ ದಿನಗಳಂದು ಮಾದರಿ ತೆಗೆದು ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆ. ಮುದಗಲ್ಲಿಗೆ ಸಮೀಪದ ಬಸವಸಾಗರ, ತುಂಗಭದ್ರಾ ಜಲಾಶಯಗಳಂಥ ಒಳನಾಡಿನ ನೀರಿನಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಕಾಟ್ಲಾ, ರೋಹು ಮರಿಗಳನ್ನು ಬಿಟ್ಟ ಕಡೆ, ಅವುಗಳಲ್ಲಿ ಎಷ್ಟು ಬೆಳೆದು ಮರಳಿದವು ಎಂಬುದು ಜಾತಿವಾರು ದಾಖಲೆಯಿಲ್ಲದೆ ತಿಳಿಯದು.