ನೀರು, ಕರೆಂಟು, ಸಾಲ, ಕಬ್ಬು: ಲೆಕ್ಕ ಒಂದೇ ಆಗಬೇಕು



2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ತಾವು ಮರೆತಿರಲಾರಿರಿ. ಮೊದಲ ಗಾಡಿಯಲ್ಲಿ ಬಂದದ್ದು 5 ಲಕ್ಷ ಲೀಟರ್. ಮಾಂಜರಾ ಜಲಾಶಯ ಆಗ ಬತ್ತಿಹೋಗಿತ್ತು. 2025ರ ಮಳೆಗಾಲದಲ್ಲಿ ಇದೇ ಜಿಲ್ಲೆಯಲ್ಲಿ ಅತಿವೃಷ್ಟಿಯಾಗಿ ಹೊಲಗಳಲ್ಲಿ ನೀರು ನಿಂತು ಬೆಳೆ ಹಾಳಾಯಿತು. ವಲಾಂಡಿ, ದೇವಣಿ, ನಿಲಂಗಾ ಭಾಗದ ನಮಗೆ ಹವಾಮಾನ ಬದಲಾವಣೆ ಎಂದರೆ ಇದೇ.

ಇದಕ್ಕೆ ಸರಕಾರದಲ್ಲಿ ಯೋಜನೆ ಇಲ್ಲವೆಂದಲ್ಲ. ಕೇಂದ್ರ ಸರಕಾರ 2008ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಹೊರಡಿಸಿತು. ಮಹಾರಾಷ್ಟ್ರವೂ ಬಳಿಕ ತನ್ನದನ್ನು ಸಿದ್ಧಪಡಿಸಿತು. ತೊಡಕು ಇರುವುದು ಬೇರೆ ಕಡೆ. ನೀರು ಜಲಸಂಪನ್ಮೂಲ ಖಾತೆಯದು, ಕರೆಂಟು ವಿದ್ಯುತ್ ಕಂಪನಿಯದು, ಹನಿ ನೀರಾವರಿಯ ಸಹಾಯಧನ ಕೃಷಿ ಖಾತೆಯದು, ಸಾಲ ಬ್ಯಾಂಕಿನದು, ಸಕ್ಕರೆ ಮತ್ತು ಇಥೆನಾಲ್‌ನ ನಿರ್ಧಾರ ದಿಲ್ಲಿಯದು. ತಮ್ಮ ಬಾವಿಯಾದರೋ ಒಂದೇ.

ಕರೆಂಟಿನ ಮಾತನ್ನೇ ನೋಡಿರಿ. ರಾತ್ರಿ ಕರೆಂಟು ಬಂದರೆ ಹಾವು ಚೇಳಿನ ಭಯದಲ್ಲಿ ಬ್ಯಾಟರಿ ಹಿಡಿದು ಮಡಿ ಮಡಿಗೂ ನೀರು ತಿರುವುವವರು ಯಾರು? ಮೋಟಾರು ಹಚ್ಚಿ ಮಲಗುತ್ತೇವೆ, ಬೆಳಗಾಗುವಷ್ಟರಲ್ಲಿ ಹೊಲ ಕೆರೆಯಾಗಿರುತ್ತದೆ. ಹಗಲಿನಲ್ಲಿ ಸೌರ ವಿದ್ಯುತ್ ಕೊಡುವ ಯೋಜನೆಯನ್ನು ರಾಜ್ಯವು 2017ರಲ್ಲಿ ತಂದದ್ದು ಒಳ್ಳೆಯದೇ. 2024ರಲ್ಲಿ 7.5 ಎಚ್.ಪಿ. ವರೆಗಿನ ಪಂಪುಗಳಿಗೆ ಬಿಲ್ಲನ್ನೂ ಮನ್ನಾ ಮಾಡಿತು. ಆದರೆ ನೀರಿನ ಲೆಕ್ಕವಿಲ್ಲದೆ ಕರೆಂಟು ಮಾತ್ರ ಸುಲಭವಾದರೆ ಮೋಟಾರು ಇನ್ನಷ್ಟು ಹೊತ್ತು ಓಡುತ್ತದೆ, ಬಾವಿ ಬೇಗ ತಳ ಕಾಣುತ್ತದೆ. ಒಂದು ಖಾತೆಯ ಉಪಕಾರ ಇನ್ನೊಂದು ಖಾತೆಯ ಕೆಲಸವನ್ನು ಕೆಡಿಸುವುದು ಹೀಗೆ.

ಇನ್ನೊಂದು ಉದಾಹರಣೆ. ಬಹುವಾರ್ಷಿಕ ಬೆಳೆಗಳಿಗೆ ಹನಿ ಅಥವಾ ತುಂತುರು ಪದ್ಧತಿ ಇದ್ದರೆ ಮಾತ್ರ ಕಾಲುವೆ ನೀರು ಕೊಡಬಹುದೆಂಬ ಕಲಮು ಮಹಾರಾಷ್ಟ್ರದ 2005ರ ಜಲಸಂಪನ್ಮೂಲ ನಿಯಂತ್ರಣ ಕಾಯದೆಯಲ್ಲಿಯೇ ಇದೆ. ನೀರಿನ ಖಾತೆಯ ಕಪಾಟಿನಲ್ಲಿ ಅದು ವರ್ಷಗಟ್ಟಲೆ ಮಲಗಿತ್ತು. ಪೈಪು ಹಾಕಲು ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಕಾಯದೆಯಲ್ಲಿ ಉತ್ತರವಿರಲಿಲ್ಲವಷ್ಟೆ. 2017ರ ಜುಲೈಯಲ್ಲಿ ಮಂತ್ರಿಮಂಡಲವು ಮೊದಲ ಬಾರಿಗೆ ಎಲ್ಲರನ್ನೂ ಒಂದೇ ಗಾಡಿಗೆ ಹೂಡಿತು: ಸಾಲದ ಶೇ. 7.25 ಬಡ್ಡಿಯಲ್ಲಿ ಸರಕಾರದ್ದು ಶೇ. 4, ಕಾರಖಾನೆಯದು ಶೇ. 1.25, ರೈತನದು ಶೇ. 2. ಎರಡು ವರ್ಷದಲ್ಲಿ 3 ಲಕ್ಷ ಹೆಕ್ಟೇರಿಗೂ ಮಿಕ್ಕಿ ಎಂಬ ಗುರಿ ಮಾತ್ರ ದೊಡ್ಡದಾಯಿತು. ಹನಿಗೆ ದಿನ ಬಿಟ್ಟು ದಿನವಾದರೂ ನೀರು ಬೇಕು, ಕಾಲುವೆ ನೀರು ಬರುವುದು ಸರದಿಯ ಮೇಲೆ. ನಡುವೆ ಬಾವಿಯೋ ಕೃಷಿ ಹೊಂಡವೋ ಇಲ್ಲದಿದ್ದರೆ ಪೈಪು ಬಿಸಿಲಿಗೆ ಒಣಗುತ್ತದೆ.

ಮಳೆ ಕೈಕೊಟ್ಟರೆ ಪೆಟ್ಟು ಹೊಲದಲ್ಲಿಯೇ ನಿಲ್ಲುವುದಿಲ್ಲ. 2023ರಲ್ಲಿ ಮುಂಗಾರು ದುರ್ಬಲವಾಗಿ ಸಕ್ಕರೆ ಕಡಿಮೆಯಾದೀತೆಂದು ಕೇಂದ್ರವು ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಇಥೆನಾಲ್ ಮಾಡುವುದನ್ನು ತಡೆಯಿತು, ಒಂದು ವಾರದಲ್ಲಿ ಸ್ವಲ್ಪ ಸಡಿಲಿಸಿತು. ಇಥೆನಾಲ್ ಹಣವನ್ನು ನಂಬಿ ಸಾಲ ಎತ್ತಿದ ಕಾರಖಾನೆಗಳು ಇಕ್ಕಟ್ಟಿಗೆ ಬಿದ್ದವು. ಕಾರಖಾನೆಯ ಇಕ್ಕಟ್ಟು ಕಡೆಗೆ ತಮ್ಮ ಕಬ್ಬಿನ ಬಿಲ್ಲಿಗೇ ಬರುತ್ತದೆ.

ಇವೆಲ್ಲ ಒಂದು ಕಡೆ ಕೂಡುವ ಜಾಗ ಮಂತ್ರಾಲಯಕ್ಕಿಂತ ಮೊದಲು ಕಾರಖಾನೆಯ ಕಬ್ಬು ನೋಂದಣಿ ಪುಸ್ತಕವೇ ಎಂದು ನಮ್ಮ ಅಭಿಪ್ರಾಯ. ಈಗ ಅದರಲ್ಲಿ ಎಕರೆ, ತಳಿ, ನೆಟ್ಟ ತಾರೀಖು ಬರೆಸುತ್ತೇವೆ. ಬಾವಿಗೆ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ತಾಸು ನೀರು ಬರುತ್ತದೆ, ಹೊಂಡ ಇದೆಯೋ ಇಲ್ಲವೋ ಎಂಬುದನ್ನೂ ಬರೆಸಿದರೆ ನೀರು ತೀರುವ ಹೊಲದ ಕಬ್ಬಿಗೆ ಕಟಾವು ಮೊದಲು ಕೊಡಬಹುದು. ಯಾರ ಕುಳೆ ಉಳಿಸಬೇಕು, ಯಾರು ಕುಳೆ ಮುರಿದು ತೊಗರಿ ಬಿತ್ತುವುದು ಲೇಸು ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಹೇಳಬಹುದು. ಬರಗಾಲದಲ್ಲಿ ದೇವಣಿ ದನಗಳಿಗೆ ಸೋಗೆ ಎಲ್ಲಿ ಸಿಗುತ್ತದೆ ಎಂಬುದೂ ಅದೇ ಪುಸ್ತಕದಿಂದ ತಿಳಿಯುತ್ತದೆ. ನಾನಾಜಿ ದೇಶಮುಖ ಕೃಷಿ ಸಂಜೀವನಿ ಯೋಜನೆಯಲ್ಲಿ ತಮ್ಮ ಊರು ಸೇರಿದ್ದರೆ ಊರಿನ ನೀರಿನ ತಾಳೆಪಟ್ಟಿ ಪಂಚಾಯತಿಯಲ್ಲಿ ಕೇಳಿರಿ. ಅದನ್ನು ನೋಂದಣಿಗೆ ಬರುವಾಗ ಜೊತೆಗೆ ತನ್ನಿರಿ.

ರವದಿಗೆ ಮಾತ್ರ ಯಾವ ಖಾತೆಯ ಅಪ್ಪಣೆಯೂ ಬೇಡ. ಸುಡದೆ ಸಾಲಿನಲ್ಲಿ ಹರಡಿದರೆ ಕುಳೆಗೆ ಬೇಸಿಗೆಯಲ್ಲಿ ನೀರಿನ ಸರದಿ ಕೆಲವು ದಿನ ಮುಂದಕ್ಕೆ ಹೋಗುತ್ತದೆ.