ಅಂಗಡಿ ಮಳಿಗೆ ಮನೆಯಾಗುವಾಗ

ನಗರದ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಸತಿ ಪ್ರದೇಶಕ್ಕೆ ಹಳದಿ ಬಣ್ಣ, ವಾಣಿಜ್ಯಕ್ಕೆ ನೀಲಿ. ನೀಲಿ ಪ್ರದೇಶದ ಮಳಿಗೆಯನ್ನು ಮನೆಯಾಗಿ ಮಾರ್ಪಡಿಸಲು ಹೊರಟವರು ಮೊದಲು ನೋಡಬೇಕಾದದ್ದು ಭೂ ಉಪಯೋಗ ಬದಲಾವಣೆಯ ನಿಯಮಗಳನ್ನು. ಬಾಡಿಗೆದಾರರಿಲ್ಲದೆ ವರ್ಷಗಟ್ಟಲೆ ಷಟರ್ ಎಳೆದೇ ಇರುವ ಮಳಿಗೆಗಳ ಮಾಲೀಕರಿಗೆ ಹೀಗೆ ಮನೆಯಾಗಿಸುವುದು ಸಹಜವಾಗಿಯೇ ಹೊಳೆಯುವ ದಾರಿ.

ಇಲ್ಲಿ ಎರಡು ಬೇರೆ ಬೇರೆ ಅನುಮತಿಗಳನ್ನು ಜನ ಒಂದೇ ಎಂದುಕೊಳ್ಳುವುದುಂಟು. ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ತರುವುದು ಭೂಪರಿವರ್ತನೆ. ಆಡುಮಾತಿನಲ್ಲಿ ಡಿಸಿ ಕನ್ವರ್ಷನ್. ಅದು ನಡೆಯುವುದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ. ಮಾಸ್ಟರ್ ಪ್ಲಾನ್ ಗೊತ್ತುಪಡಿಸಿದ ಬಳಕೆಯನ್ನು ಬದಲಿಸುವುದು ಇನ್ನೊಂದು. ಅದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಒಂದು ಆದೇಶ ಕೈಯಲ್ಲಿದ್ದ ಮಾತ್ರಕ್ಕೆ ಇನ್ನೊಂದು ಬೇಡ ಎಂದಾಗುವುದಿಲ್ಲ.

ಯೋಜನಾ ಕಾಯ್ದೆಯ 14ಎ ಸೆಕ್ಷನ್ ಪ್ರಕಾರ ಯೋಜನಾ ಪ್ರಾಧಿಕಾರವು ಸರ್ಕಾರದ ಪೂರ್ವಾನುಮೋದನೆ ಪಡೆದು ಬಳಕೆಯನ್ನು ಬದಲಿಸಬಹುದು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಹೊಂದಿಕೆಯಾಗಬೇಕು. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಮನೆಗಳ ನಡುವೆ ಅಂಗಡಿ ತೆರೆಯುವಾಗ ಈ ಬಿಗಿ ಬೇಕೇ ಬೇಕು, ಏಕೆಂದರೆ ವಾಹನ, ಸದ್ದು, ಕಸ ಎಲ್ಲವೂ ನೆರೆಹೊರೆಯವರ ಪಾಲಿಗೆ ಬರುತ್ತವೆ. ವಾಣಿಜ್ಯದಿಂದ ವಸತಿಗೆ ಬರುವವರಿಗೆ ಮಾತ್ರ ಕಾಯ್ದೆ ಸಡಿಲವಾಗಿದೆ: ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿ, ನಿಗದಿತ ಶುಲ್ಕ ಕಟ್ಟಿದರೆ ಅನುಮತಿ ದೊರೆತಂತೆಯೇ ಎಂದು ಭಾವಿಸಲಾಗುತ್ತದೆ.

ನಿಜವಾದ ಕಷ್ಟ ಕಟ್ಟಡದಲ್ಲಿದೆ. ಸಾಲು ಮಳಿಗೆಯೊಂದರ ಒಳಗೆ ನಿಂತು ನೋಡಿದರೆ ಗೊತ್ತಾಗುತ್ತದೆ: ಬೆಳಕು ಬರುವುದು ಷಟರ್ ಕಡೆಯಿಂದ ಮಾತ್ರ, ಎರಡೂ ಪಕ್ಕದ ಗೋಡೆಗಳು ಅಕ್ಕಪಕ್ಕದ ಮಳಿಗೆಗಳಿಗೆ ಅಂಟಿಕೊಂಡಿವೆ, ಹಿಂದೆ ಕಿಟಕಿಯಿಲ್ಲ, ಶೌಚಾಲಯ ಎಲ್ಲರಿಗೂ ಸೇರಿದ್ದು. ಅಡ್ಡಗೋಡೆ ಹಾಕಿ ಹಿಂಭಾಗವನ್ನು ಮಲಗುವ ಕೋಣೆ ಮಾಡಿದರೆ ಅದು ಹಗಲಲ್ಲೂ ಕತ್ತಲೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಂದೇ ಕೋಣೆಯ ಮನೆಯಾದರೂ ಆ ಕೋಣೆ ಕನಿಷ್ಠ 9.5 ಚದರ ಮೀಟರ್ ವಿಸ್ತಾರ, 2.4 ಮೀಟರ್ ಅಗಲ ಇರಬೇಕು. ಗಾಳಿ ಬೆಳಕಿಗೂ ಪ್ರತ್ಯೇಕ ನಿಯಮಗಳಿವೆ. ಇವನ್ನು ಕಡೆಗಣಿಸಿದರೆ ಅದರ ಫಲ ಉಣ್ಣುವವರು ಕಡಿಮೆ ಬಾಡಿಗೆಗೆ ಅಲ್ಲಿ ಬಂದು ಸೇರುವ ಕುಟುಂಬಗಳು, ಅದರಲ್ಲೂ ಮಕ್ಕಳು.

ಅನುಮತಿಯನ್ನು ಸಡಿಲಿಸಿ ಗುಣಮಟ್ಟವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ದಾಖಲೆಯಿದೆ. ಅಲ್ಲಿ 2013ರಿಂದ ಕಚೇರಿಗಳನ್ನೂ 2014ರಿಂದ ಸಣ್ಣ ಅಂಗಡಿಗಳನ್ನೂ ಪೂರ್ಣ ಯೋಜನಾ ಅನುಮತಿ ಇಲ್ಲದೆಯೇ ಮನೆಗಳಾಗಿಸಲು ಅವಕಾಶ ಕೊಡಲಾಯಿತು. ಸರ್ಕಾರವೇ ಮಾಡಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹೀಗೆ ಸುಲಭ ದಾರಿಯಲ್ಲಿ ಬಂದ ಮನೆಗಳಲ್ಲಿ ರಾಷ್ಟ್ರೀಯ ವಿಸ್ತೀರ್ಣ ಮಾನದಂಡ ಮುಟ್ಟಿದ್ದವು ಶೇ. 22.1 ಮಾತ್ರ, ಪೂರ್ಣ ಅನುಮತಿ ಪಡೆದವುಗಳಲ್ಲಿ ಶೇ. 73.4. ಒಂದೂ ಕಿಟಕಿಯಿಲ್ಲದ ಮನೆಗಳೂ ಸಿಕ್ಕವು. ಆ ವರ್ಷವೇ ವಾಸದ ಕೋಣೆಗಳಿಗೆಲ್ಲ ಸಹಜ ಬೆಳಕು ಕಡ್ಡಾಯವಾಯಿತು. 2021ರ ಏಪ್ರಿಲ್‌ನಿಂದ ಒಬ್ಬರ ಮನೆಗೂ ಕನಿಷ್ಠ 37 ಚದರ ಮೀಟರ್ ಎಂಬ ಮಾನದಂಡ ಅನ್ವಯವಾಯಿತು. ಈ ಎರಡು ನಿಯಮಗಳನ್ನು ಮೊದಲೇ ತಂದಿದ್ದರೆ ಎಷ್ಟೋ ಜನ ಅಂಥ ಗೂಡುಗಳಲ್ಲಿ ಬದುಕಬೇಕಾಗುತ್ತಿರಲಿಲ್ಲ.

ಆದ್ದರಿಂದ ಶುಲ್ಕ ಕಟ್ಟುವ ಮುನ್ನವೇ ಎಂಜಿನಿಯರ್ ಒಬ್ಬರಿಗೆ ಕಟ್ಟಡ ತೋರಿಸಿ, ಕಿಟಕಿ ಎಲ್ಲಿ ತೆರೆಯಬಹುದು, ಅಡುಗೆಮನೆ ಬಚ್ಚಲಿನ ನೀರು ಎಲ್ಲಿಗೆ ಹೋಗಬೇಕು, ಯಾವ ಗೋಡೆ ಒಡೆಯಬಾರದು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಗೋಡೆ, ಕಿಟಕಿಗಳ ಬದಲಾವಣೆಗೆ ಸ್ಥಳೀಯ ಸಂಸ್ಥೆಯಿಂದ ಪರಿಷ್ಕೃತ ನಕ್ಷೆಗೆ ಮಂಜೂರಾತಿ ಬೇಕಾಗಬಹುದು. ಕೆಲಸ ಮುಗಿದ ಮೇಲೆ ಆಸ್ತಿ ತೆರಿಗೆಯ ದಾಖಲೆ ಮತ್ತು ವಿದ್ಯುತ್ ಸಂಪರ್ಕ ಎರಡನ್ನೂ ವಾಣಿಜ್ಯ ವರ್ಗದಿಂದ ಗೃಹಬಳಕೆಗೆ ಬದಲಿಸಲು ಬೇರೆ ಬೇರೆ ಅರ್ಜಿ ಕೊಡಬೇಕು. ಅಲ್ಲಿಯವರೆಗೆ ಬಿಲ್ಲು ಅಂಗಡಿಯ ದರದಲ್ಲೇ ಬರುತ್ತಿರುತ್ತದೆ.